ತಿಂಗಳಿಗೆ ಒಂದು ಬಾಟಲಿ ಸಾಲದು

ಯಾದಗಿರಿ ಜಿಲ್ಲೆಯ ಓದುಗರೊಬ್ಬರ ಪತ್ರ: ‘ಮಗಳಿಗೆ ಹನ್ನೊಂದು ವರ್ಷ, ಟೈಪ್-1 ಶುಗರ್. 30/70 ಮಿಶ್ರ ಇನ್ಸುಲಿನ್, ದಿನಕ್ಕೆ 25 ಯೂನಿಟ್. ಸರ್ಕಾರಿ ಆಸ್ಪತ್ರೆಯಲ್ಲಿ ತಿಂಗಳಿಗೆ ಒಂದೇ ಬಾಟಲಿ. ಎಷ್ಟೋ ಸಲ ಅದೂ ಇರಲ್ಲ. ಕೇಳಿದರೆ, ಪುಕ್ಕಟೆ ಕೊಡೋದೇ ದೊಡ್ಡದು ಅಂತಾರೆ. ಇದನ್ನು ಹಕ್ಕು ಅಂತ ಕೇಳಬಹುದಾ?’

ಸಂಪಾದಕರ ಉತ್ತರ:

ಧಾರಾಳವಾಗಿ ಕೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಸಕಾಲಕ್ಕೆ ಚಿಕಿತ್ಸೆ ಸಿಗದಿದ್ದರೆ ಅದು ಸಂವಿಧಾನದ 21ನೇ ವಿಧಿಯ ಉಲ್ಲಂಘನೆ, ದುಡ್ಡಿಲ್ಲ ಎಂಬ ನೆಪ ನಡೆಯದು ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಇನ್ಸುಲಿನ್ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. (ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ 371-ಜೆ ವಿಧಿ ಬಂದು ದಶಕ ದಾಟಿದ ಮೇಲೂ ನಮ್ಮ ಭಾಗದವರು ಇದನ್ನು ಕೇಳಬೇಕಾಗಿ ಬಂದಿದೆ!)

ಆದರೆ ಕೌಂಟರಿನಲ್ಲಿ ತೀರ್ಪಿಗಿಂತ ಲೆಕ್ಕವೇ ಹೆಚ್ಚು ಕೆಲಸಕ್ಕೆ ಬರುತ್ತದೆ. ಮಿ.ಲೀ.ಗೆ 40 ಯೂನಿಟ್, 10 ಮಿ.ಲೀ. ಬಾಟಲಿ ಅಂದರೆ 400 ಯೂನಿಟ್. ದಿನಕ್ಕೆ 25ರಂತೆ ಹದಿನಾರನೇ ದಿನಕ್ಕೆ ಖಾಲಿ. ಆದ್ದರಿಂದ ‘30/70, ದಿನಕ್ಕೆ 25 ಯೂನಿಟ್, ತಿಂಗಳಿಗೆ 2 ಬಾಟಲಿ’ ಎಂದು ಡಾಕ್ಟರಿಂದ ಚೀಟಿಯಲ್ಲೇ ಬರೆಸಿ. ಸಿರಿಂಜು, ಶುಗರ್ ನೋಡುವ ಸ್ಟ್ರಿಪ್ಪುಗಳ ಸಂಖ್ಯೆಯೂ ಇರಲಿ. ಇಲ್ಲ ಅಂದರೆ ‘ಸ್ಟಾಕ್ ಇಲ್ಲ’ ಎಂದು ಅದೇ ಚೀಟಿಯ ಮೇಲೆ ಸಹಿ ಕೇಳಿ. ಬಾಯಿಮಾತಿನ ‘ಇಲ್ಲ’ಕ್ಕೆ ಯಾರೂ ಹೊಣೆಯಾಗುವುದಿಲ್ಲ. ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಹಣದಲ್ಲಿ ಹೊರಗಿಂದ ತರಿಸಿಕೊಡಿ ಎಂದು ಆಡಳಿತ ವೈದ್ಯಾಧಿಕಾರಿಗೆ ಅರ್ಜಿ ಕೊಟ್ಟು, ಸ್ವೀಕೃತಿ ಪಡೆಯಿರಿ. ಅದಕ್ಕೂ ಜಗ್ಗದಿದ್ದರೆ ಆರ್‌ಟಿಐ ಹಾಕಿ: ಎಷ್ಟು ಬಾಟಲಿ ಬಂತು, ಎಷ್ಟು ಹೋಯಿತು? ಜೀವಕ್ಕೆ ಸಂಬಂಧಿಸಿದ ಮಾಹಿತಿಯನ್ನು 48 ಗಂಟೆಯಲ್ಲಿ ಕೊಡಬೇಕು. ಅದನ್ನು ಅರ್ಜಿಯ ತಲೆಯಲ್ಲೇ ನಮೂದಿಸಿ. ಬಿಪಿಎಲ್ ಕಾರ್ಡಿದ್ದರೆ ಶುಲ್ಕವಿಲ್ಲ.

ಸ್ಟಾಕ್ ಇಲ್ಲದ ವಾರ ಹೊರಗೆ ಕೊಳ್ಳುವಾಗಲೇ ಎಡವಟ್ಟು ಆಗೋದು. ಬಾಟಲಿ ಬದಲು ಮಿ.ಲೀ.ಗೆ 100 ಯೂನಿಟ್ಟಿನ, ಇನ್ಸುಲಿನ್ ಪೆನ್ನಿಗೆ ಹಾಕುವ ಕಾರ್ಟ್ರಿಜ್ ಕೈಗೆ ಬರುತ್ತದೆ, ಮನೆಯಲ್ಲಿರುವುದು ಕೆಂಪು ಮುಚ್ಚಳದ 40ರ ಸಿರಿಂಜು. ಅದರಲ್ಲಿ 10ರ ಗೆರೆಗೆ ಎಳೆದರೆ ಮೈಗೆ ಹೋಗುವುದು 25 ಯೂನಿಟ್. ಶುಗರ್ ಕುಸಿದು ಮಗು ಪ್ರಜ್ಞೆ ತಪ್ಪಬಹುದು. 40ರ ಬಾಟಲಿಗೆ ಕಿತ್ತಳೆ ಮುಚ್ಚಳದ 100ರ ಸಿರಿಂಜು ಬಳಸಿದರೆ 10ರ ಗೆರೆಗೆ ಸಿಗುವುದು ಬರೀ 4. ಬಾಟಲಿ ಮೇಲಿನ ಅಂಕಿ, ಸಿರಿಂಜಿನ ಮೇಲಿನ ಅಂಕಿ ಎರಡೂ ಒಂದೇ ಇವೆಯೇ ಎಂದು ಪ್ರತಿ ಸಲ ನೋಡಿ. ಕಾರ್ಟ್ರಿಜ್ಜಿಗೆ ಪೆನ್ನೇ ಬೇಕು.

ತೆರೆದ ಬಾಟಲಿ ಸುಮಾರು ನಾಲ್ಕು ವಾರ ಕೆಡದೆ ಇರುತ್ತದೆ, ಬಿಸಿ ತಗಲದಿದ್ದರೆ. ಫ್ರಿಜ್ ಇಲ್ಲದವರು ದೊಡ್ಡ ಗಡಿಗೆಯೊಳಗೆ ಸಣ್ಣ ಗಡಿಗೆ ಇಟ್ಟು, ನಡುವೆ ಮರಳು ತುಂಬಿ, ಮರಳಿಗೆ ದಿನಾ ಎರಡು ಸಲ ನೀರು ಹಾಕಿ ನೆರಳಲ್ಲಿಡಲಿ. ಬಾಟಲಿ ಒಳಗಡಿಗೆಯಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿರಲಿ. ನಮ್ಮ ಬೇಸಿಗೆಯ ಒಣಗಾಳಿಗೆ ಇದು ಚೆನ್ನಾಗಿ ತಂಪಾಗುತ್ತದೆ. ಫ್ರಿಜ್ ಇದ್ದವರು ಐಸ್ ಡಬ್ಬಿಯ ಹತ್ತಿರ ಇಡಬೇಡಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಚೆಲ್ಲುವುದೇ ಸರಿ.

ಮುಂದಿನ ವಾರ ಬರುತ್ತದೆ ಎಂದು ಡೋಸ್ ಅರ್ಧ ಮಾಡಿ ದಿನ ದೂಡಬೇಡಿ. ಇನ್ಸುಲಿನ್ ಸಾಲದೆ ವಾಂತಿ, ಹೊಟ್ಟೆನೋವು, ಏದುಸಿರು ಶುರುವಾದರೆ ಅರ್ಜಿಯ ಮಾತು ಆಮೇಲೆ. 108ಕ್ಕೆ ಫೋನ್ ಮಾಡಿ, ಹತ್ತಿರದ ದೊಡ್ಡ ಆಸ್ಪತ್ರೆಗೆ ಹೊರಡಿ, ಇನ್ಸುಲಿನ್ ಚೀಟಿ ಜೊತೆಗಿರಲಿ.