ಮ್ಯೂನಿಕ್‌ನ ಮನೆಯಲ್ಲಿ ದೋಸೆ ಹಿಟ್ಟು: ಯಾವ ಕಾನೂನು ನೋಡಬೇಕು?

ಪ್ರಶ್ನೆ: ಮ್ಯೂನಿಕ್‌ನಲ್ಲಿದ್ದೇನೆ. ಮನೆಯಲ್ಲೇ ದೋಸೆ ಹಿಟ್ಟು, ಕಾಯಿ ಚಟ್ನಿ, ಹೋಳಿಗೆ ಮಾಡಿ ಮಾರುವ ಆಸೆ. ಜರ್ಮನ್ ಕಾನೂನು ಓದಿ ಎಂದು ಒಬ್ಬರು, ಯುರೋಪಿನದನ್ನು ಓದಿ ಎಂದು ಇನ್ನೊಬ್ಬರು ಹೇಳುತ್ತಾರೆ. ಯಾವುದು ಸರಿ?

ಉತ್ತರ: ಎರಡೂ ಬೇಕು, ಆದರೆ ಮೊದಲು ಯುರೋಪಿನದು. 1993ರಲ್ಲಿ ಯುರೋಪು ಹೊರಡಿಸಿದ್ದು ಆಹಾರ ನೈರ್ಮಲ್ಯದ ‘ನಿರ್ದೇಶನ’. ಗುರಿ ಅವರದು, ಕಾನೂನು ಬರೆದುಕೊಳ್ಳುವ ಕೆಲಸ ಆಯಾ ದೇಶದ್ದು. ಜರ್ಮನಿ 1997ರಲ್ಲಿ ತನ್ನದನ್ನು ಬರೆದುಕೊಂಡಿತು. ಆ ನಿರ್ದೇಶನದ ಬದಲಿಗೆ ಯುರೋಪು ತಂದ 2004ರ 852ನೇ ‘ನಿಯಮಾವಳಿ’ಯ ರೀತಿ ಬೇರೆ. ಅದು 2006ರ ಜನವರಿ 1ರಿಂದ ಎಲ್ಲ ಸದಸ್ಯ ದೇಶಗಳಲ್ಲೂ ನೇರವಾಗಿ ಜಾರಿಯಾಯಿತು. ಅದನ್ನು ಮತ್ತೆ ದೇಶದ ಕಾನೂನಾಗಿ ಬರೆಯುವ ಅಗತ್ಯವೇ ಇಲ್ಲ. ಹಾಗಾಗಿ ದೇಶದ ಕಾನೂನನ್ನು ಯುರೋಪಿಗೆ ಹೊಂದಿಸುವುದು ಎಂದರೆ ಇಲ್ಲಿ ಹೊಸದನ್ನು ಬರೆಯುವುದಕ್ಕಿಂತ ಹೆಚ್ಚಾಗಿ ಹಳೆಯದನ್ನು ಅಳಿಸುವ ಕೆಲಸವಾಗಿತ್ತು. ಜರ್ಮನಿ 2007ರ ಆಗಸ್ಟ್‌ನಲ್ಲಿ ಹಳೆಯದನ್ನು ತೆಗೆದು ಹೊಸದನ್ನು ತಂದಿತು. ತರಬೇತಿ, ಸಾಂಪ್ರದಾಯಿಕ ಆಹಾರ, ದಂಡ ಇತ್ಯಾದಿ ಯುರೋಪು ದೇಶಗಳಿಗೆ ಬಿಟ್ಟ ವಿಷಯಗಳೇ ಅದರಲ್ಲಿ ಹೆಚ್ಚು. ಅದೊಂದನ್ನೇ ಓದಿದರೆ ಅರ್ಧ ಕಥೆ ಮಾತ್ರ ತಿಳಿಯುತ್ತದೆ.

ನಿಮ್ಮ ಅಡುಗೆಮನೆಯ ವಿಷಯ 852ರ ಎರಡನೇ ಅನುಬಂಧದ ಮೂರನೇ ಅಧ್ಯಾಯದಲ್ಲಿದೆ. ವಾಸದ ಮನೆಯಲ್ಲಿ ನಿಯಮಿತವಾಗಿ ಆಹಾರ ಮಾಡಿ ಮಾರುವವರಿಗೆ ಹೋಟೆಲಿನಂತಹ ಕಟ್ಟಡ ಬೇಡ. ಕೈ ತೊಳೆಯುವ ವ್ಯವಸ್ಥೆ, ಸುಲಭವಾಗಿ ಒರೆಸಿ ಶುಚಿ ಮಾಡಬಹುದಾದ ಮೇಲ್ಮೈ, ಸರಿಯಾದ ತಾಪಮಾನದ ಸಂಗ್ರಹಣೆ ಬೇಕು. ಸ್ಥಳೀಯ ಆಹಾರ ನಿಯಂತ್ರಣ ಕಚೇರಿಯಲ್ಲಿ ನೋಂದಣಿ ಕಡ್ಡಾಯ. ಇದರ ಜೊತೆಗೆ ಜರ್ಮನಿಯದೇ ಒಂದು ನಿಯಮವಿದೆ: ಸೋಂಕು ತಡೆ ಕಾನೂನಿನಂತೆ ಆರೋಗ್ಯ ಕಚೇರಿಯ ತಿಳಿವಳಿಕೆ ಪಾಠ ಕೇಳಿ ಪ್ರಮಾಣಪತ್ರ ಪಡೆಯಬೇಕು. ಕೆಲಸ ಶುರುವಾಗುವ ದಿನಕ್ಕೆ ಅದು ಮೂರು ತಿಂಗಳಿಗಿಂತ ಹಳೆಯದಾಗಿರಬಾರದು.

ಎಚ್‌ಎಸಿಸಿಪಿ ಎಂಬ ಹೆಸರು ಕೇಳಿಯೇ ಹಲವರು ಹಿಂಜರಿಯುತ್ತಾರೆ. ಅಪಾಯ ಎಲ್ಲಿದೆ ಎಂದು ಮೊದಲೇ ಯೋಚಿಸಿ ತಡೆಯುವ ಕ್ರಮ ಅದು. ಸಣ್ಣ ಉದ್ದಿಮೆಯವರು ದಪ್ಪ ಕಡತ ಬರೆಯಬೇಕೆಂದು ನಿಯಮಾವಳಿ ಬಯಸುವುದಿಲ್ಲ. ನನ್ನನ್ನು ಕೇಳಿದರೆ ನೀವು ಹೆದರಬೇಕಾದದ್ದು ಹಿಟ್ಟಿಗಲ್ಲ, ಚಟ್ನಿಗೆ. ಹುದುಗಿದ ಹಿಟ್ಟಿಗೆ ಅದರ ಹುಳಿಯೇ ಒಂದಿಷ್ಟು ಕಾವಲು. ಹಸಿ ಕಾಯಿಯ ಚಟ್ನಿಯಲ್ಲಿ ನೀರಿದೆ, ಹುಳಿ ಸಾಲದು. ರುಬ್ಬಿದ ಕೂಡಲೇ ಫ್ರಿಜ್‌ಗೆ ಹಾಕಿ, ಅಂದಂದಿನದನ್ನು ಅಂದೇ ಮಾರಿ.

ಅಂದ ಹಾಗೆ, ಕನ್ನಡ ಸಂಘದ ರಾಜ್ಯೋತ್ಸವಕ್ಕೆ ವರ್ಷಕ್ಕೊಮ್ಮೆ ಹೋಳಿಗೆ ಮಾಡಿ ಕೊಟ್ಟರೆ ನೀವು ಉದ್ದಿಮೆದಾರರಾಗುವುದಿಲ್ಲ. ಒಂದಿಷ್ಟು ನಿರಂತರತೆ, ಸಂಘಟನೆ ಇರುವ ಉದ್ದಿಮೆಗಳಿಗಷ್ಟೇ ತಾನು ಅನ್ವಯವೆಂದು 852ರ ಪೀಠಿಕೆಯೇ ಹೇಳುತ್ತದೆ. ಪ್ರತಿ ಶನಿವಾರ ಮಾರಿದರೆ ಮಾತು ಬೇರೆ.