ಒಂದೇ ಗ್ಯಾಲರಿಯಲ್ಲಿ ಸುರುಳಿಯೂ ಸರಳರೇಖೆಯೂ

ಪ್ರಶ್ನೆ: 2023ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಗ್ಯಾಲರಿಯು ಹಿಲ್ಮಾ ಆಫ್ ಕ್ಲಿಂಟ್ ಮತ್ತು ಪೀಟ್ ಮಾಂಡ್ರಿಯನ್ ಅವರ ಚಿತ್ರಗಳನ್ನು ಒಟ್ಟಿಗೆ ಪ್ರದರ್ಶಿಸಿತ್ತು. ಒಬ್ಬರದು ಸುರುಳಿ ಮತ್ತು ದಳ, ಇನ್ನೊಬ್ಬರದು ಕಪ್ಪು ಗೆರೆ ಮತ್ತು ಚೌಕ. ಪರಸ್ಪರ ಭೇಟಿಯನ್ನೇ ಆಗದ ಇವರನ್ನು ಜೊತೆಗಿರಿಸುವುದರಲ್ಲಿ ಅರ್ಥವಿದೆಯೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಇದೆ ಎಂದೇ ನನ್ನ ನಂಬಿಕೆ. ಒಬ್ಬರ ಪ್ರಭಾವ ಇನ್ನೊಬ್ಬರ ಮೇಲಾಯಿತೆಂದು ಮಾತ್ರ ಭಾವಿಸಬಾರದು. ಸ್ವೀಡನ್ನಿನ ಹಿಲ್ಮಾ (1862–1944), ನೆದರ್ಲೆಂಡ್ಸ್‌ನ ಮಾಂಡ್ರಿಯನ್ (1872–1944) ಇಬ್ಬರೂ ಕಲಾಶಾಲೆಯಲ್ಲಿ ಕ್ರಮವಾಗಿ ಕಲಿತು, ಹೊಲ, ಮರ, ಹೂಗಳ ಚಿತ್ರ ಬರೆದು ಕೈ ಪಳಗಿಸಿಕೊಂಡವರು. ಕಣ್ಣಿಗೆ ಕಾಣುವುದರ ಹಿಂದೆ ಕಾಣದ ಕ್ರಮವೊಂದಿದೆ ಎನ್ನುವ ಥಿಯಾಸಫಿ ಇಬ್ಬರನ್ನೂ ಸೆಳೆಯಿತು. ಆ ಚಿಂತನೆಯ ಕೇಂದ್ರಸ್ಥಾನ ನಮ್ಮ ನೆರೆಯ ಮದ್ರಾಸಿನ ಅಡ್ಯಾರ್‌ನಲ್ಲಿತ್ತು.

ಮಾಂಡ್ರಿಯನ್ನರ 1911ರ ‘ಬೂದು ಮರ’ವನ್ನು ಗಮನಿಸಿ. ಕಾಂಡ ನಡುವೆಯೇ ಇದೆ, ಆದರೆ ಕೊಂಬೆಗಳು ಬಿಲ್ಲಿನಂತೆ ಬಾಗಿ ಚಿತ್ರದ ಅಂಚಿನವರೆಗೂ ಹರಡಿವೆ. ಕೊಂಬೆಗಳ ನಡುವಿನ ಬಯಲನ್ನೂ ಕಲಾವಿದರು ಕೊಂಬೆಗಳಷ್ಟೇ ದಟ್ಟವಾದ ಬಣ್ಣದಿಂದ ಕಟ್ಟಿರುವುದರಿಂದ, ಮರ ಎಲ್ಲಿ ಮುಗಿದು ಆಕಾಶ ಎಲ್ಲಿ ಆರಂಭವಾಯಿತೆಂದು ಹೇಳುವುದು ಕಷ್ಟ. ಮುಂದೆ ಬಂದ ಚೌಕಗಳ ಬೇರು ಇಲ್ಲಿದೆ.

ಹಿಲ್ಮಾ ಅವರು 1907ರಲ್ಲಿ ರಚಿಸಿದ ಹತ್ತು ಬೃಹತ್ ಚಿತ್ರಗಳ ಸರಣಿ ಬಾಲ್ಯದಿಂದ ಮುಪ್ಪಿನವರೆಗಿನ ಬದುಕನ್ನು ಕುರಿತದ್ದು. ಒಂದೊಂದೂ 3 ಮೀಟರಿಗಿಂತ ಎತ್ತರ. ಬಾಲ್ಯಕ್ಕೆ ನೀಲಿ ಹಿನ್ನೆಲೆ, ಯೌವನಕ್ಕೆ ಕಿತ್ತಳೆ. ಅದರ ಮೇಲೆ ಸುರುಳಿಗಳು, ದಳಗಳು, ಅಕ್ಷರಗಳು ತೇಲುತ್ತವೆ. ಅವರ ಲೆಕ್ಕದಲ್ಲಿ ನೀಲಿ ಸ್ತ್ರೀತತ್ತ್ವ, ಹಳದಿ ಪುರುಷತತ್ತ್ವ, ಹಸಿರು ಎರಡರ ಮಿಲನ. ತಮ್ಮ ಕಾಲ ಇದಕ್ಕೆ ಸಿದ್ಧವಿಲ್ಲವೆಂದು ಭಾವಿಸಿ, ತಾವು ತೀರಿಕೊಂಡ 20 ವರ್ಷಗಳವರೆಗೆ ಇಂಥ ಚಿತ್ರಗಳನ್ನು ಪ್ರದರ್ಶಿಸಬಾರದೆಂದು ಅವರು ಕೋರಿದ್ದರು. ಅಷ್ಟು ದೊಡ್ಡ ಕೆಲಸವನ್ನು ಮಾಡಿ ಮುಚ್ಚಿಟ್ಟ ಆ ತಾಳ್ಮೆ ನನ್ನನ್ನು ಈಗಲೂ ಕಾಡುತ್ತದೆ.

ವ್ಯತ್ಯಾಸ ಇರುವುದು ಬಣ್ಣವನ್ನು ನಂಬಿದ ರೀತಿಯಲ್ಲಿ. ಹಿಲ್ಮಾರ ಬಣ್ಣ ಒಂದು ಅರ್ಥವನ್ನು ಹೊತ್ತಿರುತ್ತದೆ. ಮಾಂಡ್ರಿಯನ್ನರ ಕೆಂಪು, ನೀಲಿ, ಹಳದಿಗಳ ಕೆಲಸ ಪರಸ್ಪರ ತೂಗಿ ನಿಲ್ಲುವುದು. ಅವರ ಚೌಕಗಳೆದುರು ನಿಂತಾಗ ಮೊದಲು ಬಿಳಿಯನ್ನು ನೋಡಿ. ಅದು ಬಣ್ಣ ಹಚ್ಚದೆ ಉಳಿಸಿದ ಜಾಗವಲ್ಲ. ಒಂದು ಚೌಕದ ಬಿಳಿ ಪಕ್ಕದ ಚೌಕದ್ದಕ್ಕಿಂತ ತುಸು ಬೇರೆಯಾಗಿರುತ್ತದೆ, ಕುಂಚದ ಗುರುತುಗಳೂ ಅದರಲ್ಲಿ ಕಾಣುತ್ತವೆ.