ಠರಾವು ಬರೆಸುವುದನ್ನು ಕಲಿಯಿರಿ

ಹಾವೇರಿ ಜಿಲ್ಲೆಯ ಕಾಲೇಜು ವಿದ್ಯಾರ್ಥಿಯೊಬ್ಬರು ಬರೆದಿದ್ದಾರೆ: ‘2023ರ ಬರದಲ್ಲಿ ನಮ್ಮ ಬೋರ್‌ವೆಲ್ ಬತ್ತಿತು. 2025ರಲ್ಲಿ ಬ್ರೆಜಿಲ್‌ನ ಬೆಲೆಮ್‌ನಲ್ಲಿ ಹವಾಮಾನ ಸಮ್ಮೇಳನ ನಡೆಯಿತು. ಕಲ್ಲಿದ್ದಲು, ತೈಲ ಬಿಡುವ ದಾರಿಯ ಬಗ್ಗೆ ಕೊನೆಯ ಒಪ್ಪಂದದಲ್ಲಿ ಏನೂ ಬರಲಿಲ್ಲ. ನಾವು ಪ್ರತಿ ಜೂನ್ 5ರ ಪರಿಸರ ದಿನಕ್ಕೆ ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುತ್ತೇವೆ. ದೊಡ್ಡವರಿಗೆ ಬೇಡವಾದ ಮೇಲೆ ನಾವು ಓದಿ ಏನಾಗಬೇಕು? ಎಲ್ಲಿಂದ ಶುರು ಮಾಡಲಿ? ಮೊದಲು ನೀವು ಬದಲಾಗಿ ಅಂತಾರೆ ನಮ್ಮ ಮೇಷ್ಟ್ರು. ಅದು ಸಾಕಾ?’

ಸಾಲದು. ನಿಮ್ಮ ಮೇಷ್ಟ್ರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಬಟ್ಟೆ ಚೀಲ ಹಿಡಿಯಿರಿ, ಬಸ್ಸಿನಲ್ಲಿ ಓಡಾಡಿ. ಆದರೆ ಮನೆಯ ಬಲ್ಬು ಆರಿಸಿದ ಮಾತ್ರಕ್ಕೆ ಯಾವ ಸರ್ಕಾರದ ನೀತಿಯೂ ಬದಲಾಗಿಲ್ಲ. ನಿಮ್ಮ ಸಂಕಟ ನಿಮ್ಮೊಬ್ಬರದೂ ಅಲ್ಲ. ಭಾರತವೂ ಸೇರಿ 10 ದೇಶಗಳ 10 ಸಾವಿರ ಯುವಜನರನ್ನು ಮಾತಾಡಿಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಭವಿಷ್ಯ ಭಯ ಹುಟ್ಟಿಸುತ್ತದೆ ಎಂದು ನೂರಕ್ಕೆ 75 ಜನ ಹೇಳಿದ್ದರು. ಅಷ್ಟೊಂದು ಜನ ಒಬ್ಬೊಬ್ಬರೇ ಕೋಣೆಯಲ್ಲಿ ಕೂತು ಹೆದರುತ್ತಿದ್ದಾರೆ ಅನ್ನುವುದೇ ನನಗೆ ಜಾಸ್ತಿ ನೋವಿನ ಸಂಗತಿ.

ಒಂದು ಮಾತಿಗೆ ಬೇಸರ ಮಾಡಿಕೊಳ್ಳಬೇಡಿ. ಪತ್ರದ ಉಳಿದ ಭಾಗದಲ್ಲಿ ಎರಡು ಕಡೆ ಸ್ವೀಡನ್ನಿನ ಹವಾಮಾನ ಹೋರಾಟಗಾರ್ತಿ ಗ್ರೆಟಾ ಥನ್‌ಬರ್ಗ್ ಹೆಸರಿದೆ. ಕುಸನೂರಿನ ಹೆಸರು ಒಂದು ಕಡೆಯೂ ಇಲ್ಲ. ಅದು ನಿಮ್ಮದೇ ಜಿಲ್ಲೆಯ ಊರು! ಎಂಬತ್ತರ ದಶಕದಲ್ಲಿ ಸುಮಾರು 30 ಸಾವಿರ ಹೆಕ್ಟೇರ್ ಸರ್ಕಾರಿ ಜಮೀನನ್ನು ನೀಲಗಿರಿ ಬೆಳೆಸಲು ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿಗೆ ಕೊಡಲು ಸರ್ಕಾರ ಹೊರಟಿತ್ತು. ಆ ಜಮೀನಲ್ಲೇ ಊರಿನ ದನ ಮೇಯುತ್ತಿದ್ದವು, ಹೆಂಗಸರು ಸೌದೆ ತರುತ್ತಿದ್ದರು. 1987ರ ನವೆಂಬರ್ 14ರಂದು ಜನ ಸೇರಿ ನೀಲಗಿರಿ ಸಸಿ ಕಿತ್ತರು, ಅದೇ ಜಾಗದಲ್ಲಿ ತಮಗೆ ಬೇಕಾದ ಗಿಡ ಹಚ್ಚಿದರು. ‘ಕಿತ್ತಿಕೊ–ಹಚ್ಚಿಕೊ’ ಸತ್ಯಾಗ್ರಹ ಅಂದರೆ ಅದೇ.

ಕಿತ್ತ ದಿನದ ಕತೆ ಎಲ್ಲರೂ ಹೇಳುತ್ತಾರೆ. ಅದರ ಹಿಂದಿನ ಕೆಲಸ ಯಾರಿಗೂ ಬೇಡ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯವರು ಹಳ್ಳಿ ಹಳ್ಳಿ ತಿರುಗಿ ಸಹಿ ಸಂಗ್ರಹಿಸಿದ್ದರು. ಶಿವರಾಮ ಕಾರಂತರನ್ನೂ ಜೊತೆಗೆ ಸೇರಿಸಿಕೊಂಡು ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಕಾಗದ, ಸಹಿ, ಸಭೆ, ಮತ್ತೆ ಸಭೆ. ಕೊನೆಗೆ 1991ರಲ್ಲಿ ಕಂಪನಿಯನ್ನೇ ಮುಚ್ಚುವ ತೀರ್ಮಾನವಾಯಿತು. ಶಿರಸಿ ಹತ್ತಿರದ ಸಲ್ಕಣಿಯಲ್ಲೂ ಹೀಗೇ. 1983ರ ಸೆಪ್ಟೆಂಬರ್‌ನಲ್ಲಿ ಕಡಿಯುವುದನ್ನು ತಡೆಯಲು ಮರ ಅಪ್ಪುವ ಮೊದಲು ಅಲ್ಲಿನವರು ಅರಣ್ಯ ಇಲಾಖೆಗೆ ಪತ್ರ ಬರೆದಿದ್ದರು. ಇಲಾಖೆ ಕೇಳಲಿಲ್ಲ. ಆಮೇಲೆ ಅಪ್ಪಿಕೊಂಡರು.

ಕಾರಂತರು ಅಷ್ಟಕ್ಕೇ ನಿಲ್ಲಲಿಲ್ಲ. ಕೈಗಾ ಅಣುಸ್ಥಾವರ ವಿರೋಧಿಸಿ 1989ರಲ್ಲಿ ಲೋಕಸಭೆ ಚುನಾವಣೆಗೇ ನಿಂತರು. ಆಗ ಅವರಿಗೆ 87 ವರ್ಷ. ಸೋತರು. ಆದರೂ ರಾಜಕೀಯ ಹೊಲಸು, ನಮಗ್ಯಾಕೆ ಅಂತ ಮನೆಯಲ್ಲಿ ಕೂರಲಿಲ್ಲ ಅಲ್ವಾ? ನಿಮಗಿನ್ನೂ ಇಪ್ಪತ್ತು.

ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನಿಮ್ಮ ಗ್ರಾಮ ಪಂಚಾಯಿತಿಯಿಂದ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ಅಲ್ಲಿ ಏನಾಗುತ್ತದೆ ಗಮನಿಸಿ. ಎಷ್ಟೋ ಕಡೆ ಮೊದಲು ಪುಸ್ತಕ ಬರುತ್ತದೆ, ಎಲ್ಲರೂ ಸಹಿ ಹಾಕುತ್ತಾರೆ, ಚಹಾ ಕುಡಿದು ಎದ್ದು ಹೋಗುತ್ತಾರೆ. ಸಹಿಯ ಮೇಲಿನ ಖಾಲಿ ಜಾಗ ಆಮೇಲೆ ತುಂಬುತ್ತದೆ. ನೀವು ಐದಾರು ಗೆಳೆಯರು ಒಟ್ಟಿಗೆ ಹೋಗಿ. ಕೆರೆ ಒತ್ತುವರಿ ಅಳತೆ ಆಗಬೇಕು ಎಂಬ ಒಂದೇ ವಿಷಯವನ್ನು ಮೊದಲೇ ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ. ಸಭೆಯಲ್ಲಿ ಠರಾವು (ನಿರ್ಣಯ) ಬರೆಸಿ, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಂದ ಗಟ್ಟಿಯಾಗಿ ಓದಿಸಿ, ಆಮೇಲೆ ಸಹಿ ಹಾಕಿ. ನಕಲು ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಇದರಿಂದ ಬೆಲೆಮ್‌ನ ಒಪ್ಪಂದ ಬದಲಾಗುವುದಿಲ್ಲ, ನಿಜ. ಆದರೆ ಊರಿನ ಕೆರೆಗೆ ಹತ್ತು ಜನ ಸೇರಿಸಲು ಬಾರದವರು ಕಲ್ಲಿದ್ದಲಿನ ವಿರುದ್ಧ ಹತ್ತು ಲಕ್ಷ ಜನ ಸೇರಿಸುವುದು ಹೇಗೆ?

ಇದನ್ನೆಲ್ಲ ನಿಮಗೆ ಕಾಲೇಜು ಕಲಿಸಬೇಕಿತ್ತು. 1989ರಲ್ಲಿ 18 ವರ್ಷದವರಿಗೆ ದೇಶ ಮತದಾನದ ಹಕ್ಕು ಕೊಟ್ಟಿತು. ಸರಿಸುಮಾರು ಅದೇ ಹೊತ್ತಿಗೆ ನಮ್ಮ ರಾಜ್ಯ ಕಾಲೇಜುಗಳ ವಿದ್ಯಾರ್ಥಿ ಸಂಘದ ಚುನಾವಣೆ ನಿಲ್ಲಿಸಿತು. ಹೊಡೆದಾಟ ಆಗುತ್ತಿತ್ತು, ಒಪ್ಪುತ್ತೇನೆ. ಆದರೆ ಚುನಾವಣೆ ಹೇಗೆ ನಡೆಸಬೇಕು ಅಂತ ಲಿಂಗ್ಡೊ ಸಮಿತಿ 2006ರಲ್ಲೇ ನಿಯಮ ಬರೆದುಕೊಟ್ಟಿತು, ಸುಪ್ರೀಂ ಕೋರ್ಟ್ ಒಪ್ಪಿತು. ಅದಾದ ಮೇಲೂ ಬಾಗಿಲು ತೆರೆಯಲಿಲ್ಲ. ದೊಡ್ಡವರ ಚುನಾವಣೆಗಳ ಗತಿಯೂ ಇದೇ. ಬೆಂಗಳೂರು ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ, ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳದ್ದು 2021ರಲ್ಲಿ ಮುಗಿಯಿತು. ಮುಂದೆ ವರ್ಷಗಟ್ಟಲೆ ಅಧಿಕಾರಿಗಳೇ ಆಳಿದರು. ಬರ ಬಂದಾಗ ಟ್ಯಾಂಕರ್ ಕೇಳಲು ಅಲ್ಲೆಲ್ಲ ಒಬ್ಬ ಚುನಾಯಿತ ಸದಸ್ಯನೂ ಇರಲಿಲ್ಲ. ಹೀಗೆ ಮಾಡಿಟ್ಟು, ಹುಡುಗರಿಗೆ ಮೊಬೈಲ್ ಬಿಟ್ಟು ಬೇರೇನೂ ಬೇಡ ಅಂತ ಬೈಯುವುದು ಅನ್ಯಾಯ.

ನಿಮ್ಮ ಪತ್ರವನ್ನು ಹೆಸರು ತೆಗೆದು, ಈ ಉತ್ತರದ ಜೊತೆ ಉನ್ನತ ಶಿಕ್ಷಣ ಸಚಿವರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸುತ್ತಿದ್ದೇವೆ. ಕಾಲೇಜು ಚುನಾವಣೆ ಯಾವಾಗ ಅಂತ ಕೇಳಿದ್ದೇವೆ. ಬಂದ ಉತ್ತರವನ್ನು ಇಲ್ಲೇ ಅಚ್ಚು ಹಾಕುತ್ತೇವೆ.

– ಸಂ.